ಮೂಲೆ ಸೇರಿದ ಕಾಲು ಹೊಲಿಗೆ ಮೆಷಿನ್ ಮತ್ತೆ ಓಡಿಸುವ ಬಗೆ

ತಿಪಟೂರು, ತುರುವೇಕೆರೆ ಸುತ್ತಿನ ಮನೆಗಳಲ್ಲಿ ಮೂಲೆ ಸೇರಿರುವ ಎಷ್ಟೋ ಹೊಲಿಗೆ ಮೆಷಿನ್‌ಗಳು ಕೆಟ್ಟಿರುವುದಿಲ್ಲ, ಅಂಟಿಕೊಂಡಿರುತ್ತವೆ. ಕಾರಣ ಕೊಬ್ಬರಿ ಎಣ್ಣೆ. ತೆಂಗಿನ ಸೀಮೆಯಲ್ಲಿ ಕೈಗೆ ಸಿಗುವುದು ಅದೇ ಆದ್ದರಿಂದ ಗಾಲಿ ಬಿಗಿಯಾದಾಗಲೆಲ್ಲ ಎರಡು ತೊಟ್ಟು ಬಿಟ್ಟಿರುತ್ತಾರೆ. ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಅದು ಹೆಪ್ಪುಗಟ್ಟುತ್ತದೆ. ವರ್ಷಗಟ್ಟಲೆ ಧೂಳು ಕುಡಿದು ಕಂದು ಗೋಂದಾಗುತ್ತದೆ. ಹರಳೆಣ್ಣೆ ಹೆಪ್ಪುಗಟ್ಟದಿದ್ದರೂ ಹೀಗೇ ಅಂಟಾಗುತ್ತದೆ. ಇಂಥ ಮೆಷಿನ್ನನ್ನು ಗುಜರಿಗೆ ಹಾಕಬೇಡಿ, ದಯವಿಟ್ಟು. ಎರಡು ದಿನದ ಕೆಲಸ ಅಷ್ಟೆ.

ಮೊದಲು ಬೆಲ್ಟ್ ಕಳಚಿ, ಕೈಗಾಲಿ ತಿರುಗಿಸಿ ನೋಡಿ. ತಿರುಗದಿದ್ದರೆ ಬಲ ಹಾಕಬೇಡಿ. ಮೇಲಿನ ಎಣ್ಣೆ ತೂತುಗಳಿಗೆಲ್ಲ ನಾಲ್ಕೈದು ತೊಟ್ಟು ಸೀಮೆಎಣ್ಣೆ ಬಿಟ್ಟು, ಮೆಷಿನ್ ತಲೆಯನ್ನು ಹಿಂದಕ್ಕೆ ಮಗುಚಿ, ಕೆಳಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಕಡೆಗೂ ಬಿಡಿ. ಹತ್ತಿರ ಒಲೆ, ದೀಪ ಇರಬಾರದು. ರಾತ್ರಿಯಿಡೀ ನೆನೆಯಲಿ. ಬೆಳಿಗ್ಗೆ ಗಾಲಿಯನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಆಡಿಸಿದರೆ ಕಂದು ರಸ ಇಳಿಯುತ್ತದೆ. ಒರೆಸಿ ಇನ್ನೊಮ್ಮೆ ಬಿಡಿ. ಸೀಮೆಎಣ್ಣೆ ಕೊಳೆ ತೊಳೆಯುತ್ತದೆಯೇ ಹೊರತು ಸವೆತ ತಡೆಯುವುದಿಲ್ಲ. ಹಾಗಾಗಿ ಗಾಲಿ ಹಗುರಾದ ಮೇಲೆ ಪ್ರತಿ ತೂತಿಗೂ ಒಂದೆರಡು ತೊಟ್ಟು ಹೊಲಿಗೆ ಮೆಷಿನ್ ಎಣ್ಣೆ ಬಿಡಲೇಬೇಕು. ಕಾಲು ಪೆಡಲ್‌ನ ಎರಡು ತುದಿಗೂ, ಅದನ್ನು ದೊಡ್ಡ ಗಾಲಿಗೆ ಸೇರಿಸುವ ಸಲಾಕೆಗೂ ಮರೆಯಬೇಡಿ. ಹೊರಮೈ ಒರೆಸಲು ಥಿನ್ನರ್ ಬೇಡ, ಚಿನ್ನದ ಬಣ್ಣದ ಹೂಬಳ್ಳಿ ಎದ್ದುಹೋಗುತ್ತದೆ.

ಆಮೇಲೆ ಸೂಜಿಯ ಕೆಳಗಿನ ತಗಡು ಬಿಚ್ಚಿ. ಬಟ್ಟೆ ಮುಂದಕ್ಕೆ ದೂಡುವ ಹಲ್ಲುಗಳ ಸಂದಿಯಲ್ಲಿ ನೂಲಿನ ಜುಂಗು ಕಂಬಳಿಯ ಚೂರಿನಂತೆ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಪಿನ್ನಿನಿಂದ ಕೆದಕಿ, ಹಳೇ ಟೂತ್‌ಬ್ರಷ್‌ನಿಂದ ಗುಡಿಸಿ. ಬಟ್ಟೆ ಸರಿಯದೆ ಒಂದೇ ಜಾಗದಲ್ಲಿ ಹೊಲಿಗೆ ಬೀಳುವುದಕ್ಕೆ ಹೆಚ್ಚಾಗಿ ಇದೇ ಕಾರಣ.

ಈಗ ಸೂಜಿ. ಕೈಸೂಜಿಯ ಕಣ್ಣು ಬುಡದಲ್ಲಿ, ಮೆಷಿನ್ ಸೂಜಿಯದು ತುದಿಯಲ್ಲಿ. 1846ರಲ್ಲಿ ಅಮೆರಿಕದ ಎಲಿಯಾಸ್ ಹೋವ್ ಪೇಟೆಂಟ್ ಪಡೆದ ಮೆಷಿನ್ ನಿಂತಿದ್ದೇ ಈ ತುದಿಗಣ್ಣು ಮತ್ತು ಕೆಳಗಿನ ದಾರ ಹೊತ್ತ ಶಟಲ್ ಜೋಡಿಯ ಮೇಲೆ. ಸೂಜಿ ತಳ ಮುಟ್ಟಿ 2 ಮಿ.ಮೀ.ಯಷ್ಟು ಮೇಲೇಳುವಾಗ ಅದರ ಬೆನ್ನಲ್ಲಿ ದಾರ ಸಡಿಲಾಗಿ ಸಣ್ಣ ಕುಣಿಕೆಯಾಗುತ್ತದೆ. ಶಟಲ್‌ನ ಕೊಕ್ಕು ಆ ಕುಣಿಕೆ ಹಿಡಿದು ಕೆಳಗಿನ ದಾರದ ಸುತ್ತ ದಾಟಿಸುತ್ತದೆ. ಗಾಲಿಯನ್ನು ಕೈಯಲ್ಲಿ ನಿಧಾನ ತಿರುಗಿಸಿ ಇದನ್ನೊಮ್ಮೆ ಕಣ್ಣಾರೆ ನೋಡಿ, ಅರ್ಧ ರಿಪೇರಿ ಕಲಿತಂತೆ. ಸೂಜಿ ಪೂರ್ತಿ ಮೇಲಕ್ಕೆ ಕೂರದಿದ್ದರೆ ಕೊಕ್ಕಿಗೆ ಕುಣಿಕೆ ಸಿಗದು, ಹೊಲಿಗೆ ಬಿಟ್ಟುಬಿಟ್ಟು ಬೀಳುತ್ತದೆ. ಸೂಜಿಯ ಚಪ್ಪಟೆ ಮೈ ಕೊಕ್ಕು ಹಾಯುವ ಕಡೆಗಿರಬೇಕು. ಉದ್ದ ಗೀರಿರುವ ಕಡೆಯಿಂದ ದಾರ ಪೋಣಿಸಬೇಕು. ರೇಷ್ಮೆ ಸೀರೆಯ ಫಾಲ್ಸ್‌ಗೆ 11, ಹತ್ತಿ ರವಿಕೆಗೆ 14, ದಪ್ಪ ಬಟ್ಟೆಗೆ 16ನೇ ನಂಬರ್. ಹಳೇ ಸೂಜಿ ಉಳಿಸಿ ಲಾಭವಿಲ್ಲ, ಮೊಂಡಾದದ್ದು ಬಟ್ಟೆಯನ್ನೇ ಎಳೆಯುತ್ತದೆ.

ದಾರ ಹಾಕುವಾಗ ಬಟ್ಟೆ ಒತ್ತುವ ಪಾದ ಎತ್ತಿರಲಿ, ಆಗಲೇ ಮೇಲಿನ ದಾರವನ್ನು ಬಿಗಿಹಿಡಿಯುವ ಟೆನ್ಷನ್ ಬಿಲ್ಲೆಗಳು ಬಾಯಿ ಬಿಡುವುದು. ಪಾದ ಇಳಿಸಿ ಹಾಕಿದರೆ ದಾರ ಬಿಲ್ಲೆಗಳ ನಡುವೆ ಕೂರದೆ ಬಟ್ಟೆಯ ಅಡಿಯಲ್ಲಿ ಗೊಂಚಲು ಗೊಂಚಲಾಗಿ ಕುಣಿಕೆ ಬೀಳುತ್ತದೆ. ಜನ ಕೆಳಗಿನ ದಾರ ಸುತ್ತಿದ ಬಾಬಿನ್ ಮೇಲೆ ತಪ್ಪು ಹೊರಿಸುತ್ತಾರೆ, ದೋಷ ಇರುವುದು ಮೇಲಿನ ದಾರದಲ್ಲಿ. ಬಾಬಿನ್ ಕೇಸನ್ನು ದಾರದಲ್ಲಿ ತೂಗುಬಿಡಿ: ತಾನಾಗಿ ಜಾರಬಾರದು, ಮೆಲ್ಲಗೆ ಕುಲುಕಿದರೆ ಸ್ವಲ್ಪ ಇಳಿಯಬೇಕು. ಅದರ ಸ್ಕ್ರೂ ತಿರುಗಿಸುವುದಿದ್ದರೆ ಒಮ್ಮೆಗೆ ಕಾಲು ಸುತ್ತಿಗಿಂತ ಕಡಿಮೆ.

ಹೊಸ ಚರ್ಮದ ಬೆಲ್ಟ್ ಹಾಕುವುದಾದರೆ ಒಂದಂಗುಲ ಹೆಚ್ಚಿಗೆ ಬಿಟ್ಟು ಕತ್ತರಿಸಿ, ಕೊಕ್ಕೆ ಹಾಕಿ ನೋಡಿ, ಆಮೇಲೆ ಕಡಿಮೆ ಮಾಡಿ. ಸಡಿಲಾದರೆ ಜಾರುತ್ತದೆ, ಬಿಗಿಯಾದರೆ ಪೆಡಲ್ ಭಾರ. ಶುರು ಮಾಡುವಾಗ ಕೈಗಾಲಿಯನ್ನು ನಿಮ್ಮ ಕಡೆಗೆ ತಿರುಗಿಸಿ, ಆಮೇಲೆ ಕಾಲು. ಹಿಮ್ಮುಖ ತಿರುಗಿದರೆ ದಾರ ಶಟಲ್‌ಗೆ ಸಿಕ್ಕಿ ತುಂಡಾಗುತ್ತದೆ.

ಈ ಪೆಡಲ್ ಸಣ್ಣ ವಿಷಯವಲ್ಲ. 1851ರಲ್ಲಿ ಐಸಾಕ್ ಸಿಂಗರ್ ಪೇಟೆಂಟ್ ಪಡೆದ ಮೆಷಿನ್ ಕಾಲಿನಿಂದ ಓಡಿ ಎರಡೂ ಕೈಗಳನ್ನು ಬಟ್ಟೆಗೆ ಬಿಟ್ಟುಕೊಟ್ಟಿತು. ಕೈಯಲ್ಲಿ ಒಂದು ಅಂಗಿಗೆ 14 ಗಂಟೆ, ಮೆಷಿನ್ನಿನಲ್ಲಿ ಒಂದೂಕಾಲು ಗಂಟೆ ಎಂಬುದು ಆ ಕಾಲದವರ ಲೆಕ್ಕ. ಕರೆಂಟ್ ಹೋದರೂ ನಿಲ್ಲದ ಕಾರಣ ನಮ್ಮ ಹಳ್ಳಿಗಳಲ್ಲಿ ಜಗುಲಿಯ ಮೇಲೇ ಒಂದು ದುಡಿಮೆಯಾಯಿತು.

ದಿನಾ ಹೊಲಿಯುವವರು ದಿನಕ್ಕೊಮ್ಮೆ ಎಣ್ಣೆ ಬಿಡಿ, ಬಿಟ್ಟ ಮೇಲೆ ಚಿಂದಿ ಬಟ್ಟೆಯ ಮೇಲೆ ನಾಲ್ಕು ಗೆರೆ ಹೊಲಿದು ಹೆಚ್ಚಿನ ಎಣ್ಣೆ ಹೊರಡಿಸಿ. ಮೆಷಿನ್ ಮುಚ್ಚಿಡುವಾಗ ಪಾದದ ಕೆಳಗೆ ಒಂದು ಮಡಿಕೆ ಬಟ್ಟೆ ಇಟ್ಟು ಬೆಲ್ಟ್ ಕಳಚಿಡಿ.