ಹಳೇ ಪ್ರಿಂಟರ್, ಹೊಸ ಲ್ಯಾಪ್‌ಟಾಪ್: ನಂಟು ಕೂಡಿಸುವುದು ಹೇಗೆ?

ಲ್ಯಾಪ್‌ಟಾಪ್ ಹೊಸದು, ವಿಂಡೋಸ್ 11. ಪ್ರಿಂಟರಿಗೆ ಹದಿನೈದು ವರ್ಷ. ಟೋನರ್ ಇನ್ನೂ ಸಿಗುತ್ತದೆ, ಹಿಂದೆ ನೆಟ್‌ವರ್ಕ್ ಕೇಬಲ್ಲಿನ ಜಾಗವೂ ಇದೆ. ಆದರೆ ಲ್ಯಾಪ್‌ಟಾಪ್ ಮಾತ್ರ ಹುಡುಕಿ ಹುಡುಕಿ ಸುಮ್ಮನಾಗುತ್ತದೆ. ಪ್ರಿಂಟರ್ ಜೊತೆಗೆ ಬಂದಿದ್ದ ಸಿಡಿ ಹಾಕೋಣವೆಂದರೆ ಲ್ಯಾಪ್‌ಟಾಪಿನಲ್ಲಿ ಸಿಡಿ ಡ್ರೈವೇ ಇಲ್ಲ. ಇದ್ದರೂ, ಸಿಡಿಯಲ್ಲಿರುವುದು 32 ಬಿಟ್ ಡ್ರೈವರ್ (ಪ್ರಿಂಟರನ್ನು ನಡೆಸುವ ತಂತ್ರಾಂಶ) ಆದರೆ 64 ಬಿಟ್‌ನ ವಿಂಡೋಸ್ 11 ಅದನ್ನು ಒಪ್ಪುವುದಿಲ್ಲ. ಹಾಗಂತ ಗುಜರಿಗೆ ಹಾಕಬೇಡಿ.

ಲ್ಯಾಪ್‌ಟಾಪ್ ಹುಡುಕಲಿ ಎಂದು ಕಾಯುವ ಬದಲು ಪ್ರಿಂಟರಿನ ವಿಳಾಸವನ್ನು ನಾವೇ ಹೇಳಿಬಿಡಬೇಕು. ಅದೇ ಐಪಿ ಅಡ್ರೆಸ್.

ಮೊದಲು ಪ್ರಿಂಟರನ್ನು ಕೇಬಲ್ಲಿನಲ್ಲಿ ರೂಟರಿಗೆ ಸೇರಿಸಿ. ಹಳೇ ವೈಫೈಗಿಂತ ಕೇಬಲ್ ವಾಸಿ. ಆಮೇಲೆ ಮೆನುವಿನಿಂದ ‘ಕಾನ್ಫಿಗರೇಶನ್ ಪೇಜ್’ ತೆಗೆಯಿರಿ. ಪರದೆಯಿಲ್ಲದ ಪ್ರಿಂಟರಾದರೆ ಯಾವುದಾದರೂ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಬೇಕಾಗುತ್ತದೆ, ಯಾವುದೆಂದು ಕೈಪಿಡಿಯಲ್ಲಿ ನೋಡಿ. ಹೊರಬರುವ ಹಾಳೆಯಲ್ಲಿ ವಿಳಾಸ ಇರುತ್ತದೆ. ಅದು 169.254 ಎಂದು ಶುರುವಾದರೆ ರೂಟರ್ ವಿಳಾಸ ಕೊಟ್ಟಿಲ್ಲ ಎಂದರ್ಥ. ಕೇಬಲ್ ನೋಡಿ, ಪ್ರಿಂಟರ್ ಆಫ್ ಮಾಡಿ ಮತ್ತೆ ಆನ್ ಮಾಡಿ.

ಇಲ್ಲೊಂದು ಹಳ್ಳ ಇದೆ, ನಾನೇ ಬಿದ್ದಿದ್ದೇನೆ. ಸೆಕೆಂಡ್ ಹ್ಯಾಂಡ್ ಪ್ರಿಂಟರ್ ತಂದಿದ್ದೆ. ಹಿಂದಿನ ಆಫೀಸಿನವರು ಯಾವಾಗಲೋ ಕೂರಿಸಿದ್ದ ವಿಳಾಸ ಹಾಗೇ ಉಳಿದಿತ್ತು. ನನ್ನ ರೂಟರ್ 192.168.1.1, ಪ್ರಿಂಟರ್ 10.0.0 ಅನ್ನುವ ಬೇರೆ ಬೀದಿಯಲ್ಲಿ. ಅರ್ಧ ದಿನ ಹೋಯಿತು. ನೆಟ್‌ವರ್ಕ್ ಮೆನುವಿನಲ್ಲಿ ‘ಡಿಎಚ್‌ಸಿಪಿ’ (ರೂಟರೇ ವಿಳಾಸ ಕೊಡುವ ವ್ಯವಸ್ಥೆ) ಆಯ್ದುಕೊಂಡ ಮೇಲೆ ಎರಡೇ ನಿಮಿಷದಲ್ಲಿ ಸರಿಹೋಯಿತು.

ವಿಳಾಸ ಸಿಕ್ಕಿದ ಮೇಲೆ ರೂಟರಿನ ಸೆಟ್ಟಿಂಗಿನಲ್ಲಿ ಅದನ್ನು ಈ ಪ್ರಿಂಟರಿಗೇ ಕಾಯ್ದಿರಿಸಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ವಿಳಾಸ ಬದಲಾಗಬಹುದು, ಆಗ ಮತ್ತೆ ಮೊದಲಿನಿಂದ.

ಈಗ ಲ್ಯಾಪ್‌ಟಾಪ್. ಸೆಟ್ಟಿಂಗ್ಸ್‌ನಲ್ಲಿ ‘ಬ್ಲೂಟೂತ್ ಅಂಡ್ ಡಿವೈಸಸ್’, ಅದರೊಳಗೆ ‘ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್’, ಅಲ್ಲಿ ‘ಆಡ್ ಡಿವೈಸ್’ ಒತ್ತಿ. ಸ್ವಲ್ಪ ತಾಳಿ, ಕೈಯಾರೆ ಸೇರಿಸುವ ಆಯ್ಕೆ ತಡವಾಗಿ ಮೂಡುತ್ತದೆ. ಐಪಿ ಅಡ್ರೆಸ್ಸಿನಿಂದ ಸೇರಿಸುವುದನ್ನು ಆರಿಸಿ, ಬಗೆ ‘ಟಿಸಿಪಿ/ಐಪಿ ಡಿವೈಸ್’ ಎಂದು ಕೊಟ್ಟು ವಿಳಾಸ ಬರೆಯಿರಿ. ಡ್ರೈವರನ್ನು ತಾನೇ ಹುಡುಕುತ್ತೇನೆ ಎನ್ನುವ ಟಿಕ್ ತೆಗೆದುಬಿಡಿ.

ಡ್ರೈವರ್ ಆರಿಸುವಾಗಲೇ ಜಾಸ್ತಿ ಜನ ಎಡವುವುದು. ಪಟ್ಟಿಯಲ್ಲಿ ನಿಮ್ಮ ಮಾಡೆಲ್ ಇಲ್ಲದಿದ್ದರೆ ಗಾಬರಿ ಬೇಡ. ಆಫೀಸಿನ ಹಳೇ ಲೇಸರ್ ಪ್ರಿಂಟರುಗಳಲ್ಲಿ ಬಹಳಷ್ಟಕ್ಕೆ ಪಿಸಿಎಲ್ ಅಥವಾ ಪೋಸ್ಟ್‌ಸ್ಕ್ರಿಪ್ಟ್ ಭಾಷೆ ಗೊತ್ತು. ಪುಟ ಹೇಗಿರಬೇಕೆಂದು ಕಂಪ್ಯೂಟರ್ ಪ್ರಿಂಟರಿಗೆ ಹೇಳುವ ಭಾಷೆಗಳಿವು. ಯಾವುದೆಂದು ಮೊದಲು ತೆಗೆದ ಕಾನ್ಫಿಗರೇಶನ್ ಹಾಳೆಯಲ್ಲಿ ಇರಬಹುದು. ತಯಾರಕರ ಹಲವು ಮಾಡೆಲಿಗೆ ಹೊಂದುವ ಒಂದೇ ಡ್ರೈವರ್ ಇದ್ದರೆ ಅದನ್ನೇ ಹಾಕಿ. ಎಚ್‌ಪಿಯವರದಕ್ಕೆ ‘ಯೂನಿವರ್ಸಲ್ ಪ್ರಿಂಟ್ ಡ್ರೈವರ್’ ಎಂದೇ ಹೆಸರು. ಅದೂ ಇಲ್ಲದಿದ್ದರೆ ಮೈಕ್ರೋಸಾಫ್ಟ್ ಹೆಸರಿನಡಿ ಇರುವ ‘ಪಿಸಿಎಲ್6 ಕ್ಲಾಸ್ ಡ್ರೈವರ್’ ಅಥವಾ ‘ಪಿಎಸ್ ಕ್ಲಾಸ್ ಡ್ರೈವರ್’ (ಪಿಎಸ್ ಅಂದರೆ ಪೋಸ್ಟ್‌ಸ್ಕ್ರಿಪ್ಟ್) ಪ್ರಯತ್ನಿಸಿ. ಭಾಷೆ ತಪ್ಪಿದರೆ ಹಾಳೆ ಮೇಲೆ ಹಾಳೆ ಅರ್ಥವಿಲ್ಲದ ಅಕ್ಷರ ಬರುತ್ತದೆ, ತಕ್ಷಣ ಕಾಗದದ ಟ್ರೇ ಎಳೆಯಿರಿ. ಎರಡೂ ಭಾಷೆ ಬಾರದ ಅಗ್ಗದ ಪ್ರಿಂಟರುಗಳೂ ಇವೆ. ಅವಕ್ಕೆ ಅವುಗಳದೇ ಡ್ರೈವರ್ ಬೇಕು, ಈ ಉಪಾಯ ನಡೆಯುವುದಿಲ್ಲ.

ಪ್ರಿಂಟರ್ ಚೆನ್ನಾಗಿದ್ದೂ ‘ಆಫ್‌ಲೈನ್’ ಎಂದು ತೋರಿಸಿದರೆ ಪ್ರಿಂಟರ್ ಪ್ರಾಪರ್ಟೀಸ್‌ನ ‘ಪೋರ್ಟ್ಸ್’ಗೆ ಹೋಗಿ, ‘ಕಾನ್ಫಿಗರ್ ಪೋರ್ಟ್’ ಒತ್ತಿ ‘ಎಸ್‌ಎನ್‌ಎಂಪಿ ಸ್ಟೇಟಸ್’ ಟಿಕ್ ತೆಗೆಯಿರಿ. ವಿಂಡೋಸ್ 11ರ 24ಎಚ್2 ಅಥವಾ ಅದರ ನಂತರದ ಆವೃತ್ತಿಯಾದರೆ ‘ವಿಂಡೋಸ್ ಪ್ರೊಟೆಕ್ಟೆಡ್ ಪ್ರಿಂಟ್ ಮೋಡ್’ ಆಫ್ ಇರಬೇಕು, ಇಲ್ಲವಾದರೆ ತಯಾರಕರ ಡ್ರೈವರ್ ಕೆಲಸ ಮಾಡುವುದಿಲ್ಲ.

ಟೆಸ್ಟ್ ಪೇಜ್ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಬರುತ್ತದೆ. ಅದಷ್ಟೇ ನೋಡಿ ಎದ್ದುಹೋಗಬೇಡಿ, ಕನ್ನಡದ ಒಂದು ಪುಟವನ್ನೂ ತೆಗೆದು ನೋಡಿ. ಒತ್ತಕ್ಷರ ಚದುರಿದರೆ ಡ್ರೈವರಿನ ‘ಅಡ್ವಾನ್ಸ್‌ಡ್’ ಪುಟದಲ್ಲಿ ಅಕ್ಷರಗಳನ್ನು ಚಿತ್ರವಾಗಿ ಕಳಿಸುವ ಆಯ್ಕೆ ಇದೆಯೇ ನೋಡಿ. ಪ್ರಿಂಟ್ ಸ್ವಲ್ಪ ನಿಧಾನವಾಗುತ್ತದೆ, ಒತ್ತು ಮಾತ್ರ ಜಾಗದಲ್ಲಿರುತ್ತದೆ.