ಲಿನಕ್ಸ್ ಲ್ಯಾಪ್‌ಟಾಪ್ ಪರದೆ ಮಿಣುಕುತ್ತಿದೆಯೇ? ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ

ಆಗೊಮ್ಮೆ ಈಗೊಮ್ಮೆ ಬಂದು ಹೋಗುವ ತೊಂದರೆಯೇ ದೊಡ್ಡ ತಲೆನೋವು, ಅಲ್ವಾ? ಅಂಗಡಿಗೆ ಒಯ್ದರೆ ಲ್ಯಾಪ್‌ಟಾಪ್ ಜಾಣಮರಿಯ ಹಾಗೆ ಕೂತಿರುತ್ತದೆ. ನನ್ನದೂ ಹಾಗೇ. ಟೈಪ್ ಮಾಡುವಾಗ ಸರಿಯಿರುತ್ತಿತ್ತು. ಸುಮ್ನೆ ಓದುತ್ತ ಕೂತರೆ ಹಳೇ ಟ್ಯೂಬ್‌ಲೈಟಿನಂತೆ ಮಿಣುಕುತ್ತಿತ್ತು. ಪ್ಯಾನೆಲ್ ಹೋಗಿದೆ ಎಂದರು ರಿಪೇರಿಯವರು. ಹೋಗಿರಲಿಲ್ಲ.

ಪರದೆ ಕೆಟ್ಟು ಕಾಣುವಾಗಲೇ ಸ್ಕ್ರೀನ್‌ಶಾಟ್ ತೆಗೆದು, ಫೋನಿಗೆ ಕಳಿಸಿಕೊಂಡು ನೋಡಿ. ಅದರಲ್ಲೂ ಗೆರೆ, ಕಲೆ ಇದ್ದರೆ ಚಿತ್ರ ತಯಾರಾಗುವಾಗಲೇ ಕೆಟ್ಟಿದೆ. ಡ್ರೈವರ್, ಅಂದರೆ ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್ ಮೇಲೆ ಅನುಮಾನ ಪಡಿ. ಚೊಕ್ಕವಾಗಿದ್ದರೆ ಚಿತ್ರ ಪರದೆಗೆ ಹೋಗುವ ದಾರಿಯಲ್ಲಿ ಎಡವಟ್ಟಾಗುತ್ತಿದೆ. ಮುಚ್ಚಳವನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ಆಗ ಮಾತ್ರ ಮಿಣುಕಿದರೆ ಹಿಂಜಿನ ಹತ್ತಿರದ ಕೇಬಲ್ ಸಡಿಲವಾಗಿರಬಹುದು, ರಿಪೇರಿಗೆ ಕೊಡಿ. ಲಿನಕ್ಸ್ ಶುರುವಾಗುವ ಮೊದಲೇ ಬರುವ ಬಯೋಸ್ ಪರದೆಯೂ ಮಿಣುಕುತ್ತಿದ್ದರೆ ಲಿನಕ್ಸನ್ನು ಬೈದು ಪ್ರಯೋಜನವಿಲ್ಲ.

ಇದ್ಯಾವುದೂ ಅಲ್ಲ, ಇಂಟೆಲ್ ಗ್ರಾಫಿಕ್ಸ್ ಇದೆ ಎಂದರೆ ನನ್ನ ಅನುಮಾನ ‘ಪ್ಯಾನೆಲ್ ಸೆಲ್ಫ್ ರಿಫ್ರೆಶ್’ ಮೇಲೆ. ಪರದೆಯಲ್ಲಿ ಏನೂ ಬದಲಾಗದಿದ್ದಾಗ ಪ್ಯಾನೆಲ್ ತನ್ನ ಮೆಮೊರಿಯಲ್ಲಿರುವ ಚಿತ್ರವನ್ನೇ ತೋರಿಸುತ್ತಿರುತ್ತದೆ. ಅಷ್ಟು ಹೊತ್ತು ಗ್ರಾಫಿಕ್ಸ್ ಚಿಪ್ ತೂಕಡಿಸಿ ಬ್ಯಾಟರಿ ಉಳಿಸುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇವೆರಡರ ತಾಳ ತಪ್ಪುತ್ತದೆ.

ಹೌದೋ ಅಲ್ಲವೋ ನೋಡುವ ಸಿದ್ಧತೆಗೆ ಐದು ನಿಮಿಷ ಸಾಕು. ಲ್ಯಾಪ್‌ಟಾಪ್ ಆನ್ ಆಗುವಾಗ, ಲಿನಕ್ಸನ್ನು ಶುರುಮಾಡುವ ಗ್ರಬ್ ಮೆನು ಬಂದಾಗ ‘ಇ’ ಕೀ ಒತ್ತಿ. ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಯಲ್ಲಿ ಒಂದು ಸ್ಪೇಸ್ ಬಿಟ್ಟು ‘ಐ915.ಎನೇಬಲ್_ಪಿಎಸ್‌ಆರ್=0’ ಸೇರಿಸಿ. ಇದು ಆ ಸೆಲ್ಫ್ ರಿಫ್ರೆಶನ್ನು ಆಫ್ ಮಾಡುತ್ತದೆ. ಎಲ್ಲಾ ಇಂಗ್ಲಿಷಿನ ಸಣ್ಣಕ್ಷರ, ನಡುವೆ ಸ್ಪೇಸ್ ಬೇಡ. ಎಫ್10 ಒತ್ತಿ. ತೀರಾ ಹೊಸ ಇಂಟೆಲ್ ಚಿಪ್‌ಗಳ ಡ್ರೈವರ್ ‘ಎಕ್ಸ್‌ಇ’; ಅಲ್ಲಿ ‘ಐ915’ ಬದಲು ಅದನ್ನೇ ಬರೆಯಿರಿ. ಹೆದರಬೇಡಿ, ಈ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ. ರೀಬೂಟ್ ಮಾಡಿದರೆ ಮೊದಲಿನಂತೆಯೇ.

ಒಂದೆರಡು ದಿನ ಆಫ್ ಮಾಡದೆ ಬಳಸಿ. ಮಿಣುಕು ನಿಂತರೆ ‘/ಈಟಿಸಿ/ಡಿಫಾಲ್ಟ್/ಗ್ರಬ್’ ಫೈಲಿನಲ್ಲಿ, ‘ಕ್ವಯಟ್ ಸ್ಪ್ಲ್ಯಾಶ್’ ಇರುವ ಸಾಲಿನ ಕೋಟ್‌ನೊಳಗೇ ಗ್ರಬ್‌ನಲ್ಲಿ ಬರೆದದ್ದನ್ನೇ ಸೇರಿಸಿ. ಉಬುಂಟುವಿನಲ್ಲಾದರೆ ಟರ್ಮಿನಲ್‌ನಲ್ಲಿ ‘ಸುಡೊ ಅಪ್‌ಡೇಟ್-ಗ್ರಬ್’ ಓಡಿಸಿ. ಬ್ಯಾಟರಿ ಚೂರು ಬೇಗ ಇಳಿಯಬಹುದು, ನನಗಂತೂ ಗೊತ್ತಾಗಲಿಲ್ಲ.

ಮಿಣುಕುವುದಲ್ಲ, ಪರದೆ ಪೂರ್ತಿ ಹೆಪ್ಪುಗಟ್ಟುತ್ತದೆ ಎನ್ನುವವರು ರೀಬೂಟ್ ಆದಮೇಲೆ ಟರ್ಮಿನಲ್‌ನಲ್ಲಿ ‘ಜರ್ನಲ್‌ಸಿಟಿಎಲ್ -ಕೆ -ಬಿ -1’ ಕೊಡಿ. ಹಿಂದಿನ ಸಲ ಕರ್ನಲ್, ಅಂದರೆ ಲಿನಕ್ಸಿನ ತಿರುಳು ಬರೆದಿಟ್ಟ ಸಾಲುಗಳು ಬರುತ್ತವೆ. ‘ಜಿಪಿಯು ಹ್ಯಾಂಗ್’ (ಗ್ರಾಫಿಕ್ಸ್ ಚಿಪ್ ಸಿಕ್ಕಿಹಾಕಿಕೊಂಡಿದೆ) ಎಂದಿದೆಯೇ ಹುಡುಕಿ. ಕರ್ನಲ್ ಅಪ್‌ಡೇಟ್ ಆದಮೇಲೇ ಈ ಕಾಟ ಶುರುವಾಗಿದ್ದರೆ, ಗ್ರಬ್‌ನ ‘ಅಡ್ವಾನ್ಸ್ಡ್ ಆಪ್ಷನ್ಸ್’ನಲ್ಲಿ ಹಳೆಯ ಕರ್ನಲ್ ಆರಿಸಿ ಬಳಸಿ ನೋಡಿ. ಸೆಲ್ಫ್ ರಿಫ್ರೆಶ್, ಕರ್ನಲ್ ಎರಡನ್ನೂ ಒಟ್ಟಿಗೆ ಬದಲಿಸಬೇಡಿ. ನಾನು ಬದಲಿಸಿ, ಯಾವುದರಿಂದ ಸರಿಹೋಯಿತೆಂದು ತಿಳಿಯದೆ ಮತ್ತೆ ಮೊದಲಿನಿಂದ ಶುರು ಮಾಡಿದ್ದೆ.