‘ನೆಲವು’ ಅನ್ನೋ ಪದ ನಂಗೆ ಮೂರು ದಿನ ಸಿಗ್ಲಿಲ್ಲ

ಹೋದ ವರ್ಷ ಒಂದು ಅನುವಾದದ ಕೆಲಸ ಬಂತು. ಹಳೇ ಕಾಲದ ಮನೆ ಸಾಮಾನು, ಬೇಸಾಯದ ಸಾಮಾನಿನ ಬಗ್ಗೆ ಪುಟ್ಟ ಪುಸ್ತಕ, ಇಂಗ್ಲಿಷಿಂದ ಕನ್ನಡಕ್ಕೆ ಮಾಡ್ಬೇಕು, ಒಂದೊಂದು ವಸ್ತುಗೂ ಒಂದು ಫೋಟೋ, ಕೆಳಗೆ ನಾಲ್ಕು ಸಾಲು. ಇದೇನ್ ಕಷ್ಟ ಅಂದ್ಕೊಂಡೆ, ಯಾಕಂದ್ರೆ ನಾನು ಬೆಳೆದಿದ್ದು ತಿಪಟೂರು ಕಡೆ ಹಳ್ಳೀಲಿ, ಅದರಲ್ಲಿರೋ ಮುಕ್ಕಾಲು ಪಾಲು ಸಾಮಾನು ಅಜ್ಜಿ ಮನೇಲೇ ಇತ್ತು. ಹತ್ತು ಪುಟ ಸಲೀಸಾಗಿ ಹೋಯ್ತು, ಆಮೇಲೆ ಒಂದು ಫೋಟೋ ಹತ್ರ ಕೈ ನಿಂತೋಯ್ತು. ಹಗ್ಗದಲ್ಲಿ ಹೆಣೆದ ಬಲೆ ಥರದ್ದು, ಅಡುಗೆಮನೆ ತೊಲೆಗೆ ಕಟ್ಟಿರ್ತಾರೆ, ಅದ್ರೊಳಗೆ ಬೆಣ್ಣೆ ಗಡಿಗೆ, ಮೊಸರು ಗಡಿಗೆ ಒಂದರ ಮೇಲೊಂದು ಕೂರಿಸಿರ್ತಾರೆ, ಬೆಕ್ಕಿಗೂ ಇರುವೆಗೂ ಸಿಗಬಾರದು ಅಂತ. ಕಣ್ಣಿಗೆ ಕಟ್ಟಿದಂಗಿದೆ, ಆ ಹಗ್ಗದ ಜಿಡ್ಡು ವಾಸನೆ ಕೂಡ ನೆನಪಿದೆ, ಹೆಸರು ಮಾತ್ರ ಬಾಯಿಗೆ ಬರ್ತಿಲ್ಲ.

ನೆನೆಸ್ಕೊಂಡಷ್ಟೂ ಬರ್ತಿದ್ದಿದ್ದು ‘ಕಡಗೋಲು’. ಮಜ್ಜಿಗೆ ಕಡೆಯೋ ಕೋಲು ಅದು, ನಂಗ್ ಬೇಕಿರೋದು ಅದಲ್ಲ ಅಂತ ಗೊತ್ತು, ಆದ್ರೂ ಬೆಣ್ಣೆ ಅಂದ ತಕ್ಷಣ ಅದೇ ಬಂದು ಬಾಗಿಲಿಗೆ ಅಡ್ಡ ನಿಲ್ಲೋದು. ಆಮೇಲೆ ಅಕ್ಷರ ಹಿಡ್ಕೊಂಡು ಹುಡುಕೋಣ ಅಂತ ಶಾಲೇಲಿ ಹೇಳ್ತಿದ್ವಲ್ಲ ಹಂಗೆ ಕಾಗುಣಿತ ಶುರು ಮಾಡ್ದೆ, ಕ ಕಾ ಕಿ ಕೀ ಅಂತ. ಮೂರಕ್ಷರ, ಕೊನೇಲಿ ‘ವು’ ಇದೆ ಅಂತ ಒಳಗೊಳಗೇ ಅನ್ನಿಸ್ತಿತ್ತು. ‘ನೆ’ಗೆ ಬಂದಾಗ ಏನೋ ಎಳೆದಂಗಾಯ್ತು, ಆದ್ರೆ ‘ನೆಲ’ ಬಂತು, ‘ನೆಲಮಾಳಿಗೆ’ ಬಂತು, ನೇತು ಹಾಕೋದಕ್ಕೂ ನೆಲಕ್ಕೂ ಏನ್ ಸಂಬಂಧ ಅಂತ ಅಲ್ಲಿಂದ ಮುಂದಕ್ಕೆ ಹೋಗ್ಬಿಟ್ಟೆ.

1966ರಲ್ಲಿ ಹಾರ್ವರ್ಡ್‌ನಲ್ಲಿ ರೋಜರ್ ಬ್ರೌನ್, ಡೇವಿಡ್ ಮೆಕ್‌ನೀಲ್ ಅನ್ನೋರು ಇದನ್ನೇ ಪರೀಕ್ಷೆ ಮಾಡಿದ್ರು ಅಂತ ಆಮೇಲೆ ಓದ್ದೆ. ವಿದ್ಯಾರ್ಥಿಗಳಿಗೆ ಅಪರೂಪದ ಪದಗಳ ಅರ್ಥ ಓದಿ ಹೇಳಿ ಪದ ಯಾವ್ದು ಅಂತ ಕೇಳೋದು. ನಾಲಿಗೆ ತುದೀಲೇ ಇದೆ, ಬರ್ತಿಲ್ಲ ಅಂದವರು ಎಷ್ಟೋ ಸಲ ಮೊದಲಕ್ಷರ, ಉಚ್ಚಾರದ ಉದ್ದ ಸರಿಯಾಗೇ ಹೇಳಿದ್ರಂತೆ. ಅದನ್ನ ಓದ್ದಾಗ ನಂಗೆ ನಿಜವಾಗ್ಲೂ ಸಮಾಧಾನ ಆಯ್ತು. ನಲವತ್ತಾರು ದಾಟಿದ ಮೇಲೆ ಒಂದು ಪದ ಮರೆತ್ರೂ ಹೆದರಿಕೆ ಆಗುತ್ತೆ, ಏನೋ ಕಾಯಿಲೆ ಶುರುವಾಯ್ತೇನೋ ಅಂತ.

ಕನ್ನಡದಲ್ಲಿ ನಮಗೆ ಇನ್ನೊಂದು ಅನುಕೂಲ ಇದೆ, ಅದೇ ತೊಂದರೆನೂ ಹೌದು. ‘ಇದು’ ಅನ್ನೋ ಪದ. ‘ಆ ಇದನ್ನ ತಗೊಂಡ್ ಬಾ’, ‘ಸ್ವಲ್ಪ ಇದು ಮಾಡಿಬಿಡು’. ಹೆಸರಿಗೂ ಅದೇ, ಕ್ರಿಯೆಗೂ ಅದೇ, ಕೇಳಿಸ್ಕೊಳ್ಳೋರಿಗೆ ಎಲ್ಲಾ ಅರ್ಥ ಆಗುತ್ತೆ. ಮನೇಲಿ ಹೀಗೆ ‘ಇದು’ ಅಂತ ನಡೆಸ್ಕೊಂಡು ಹೋಗಿ ಹೋಗಿ ಎಷ್ಟೋ ಹೆಸರು ಬಾಯಿಗೇ ಬರದಂಗಾಗಿದೆ ಅಂತ ನಂಗೆ ಆ ಮೂರು ದಿನದಲ್ಲಿ ಗೊತ್ತಾಯ್ತು.

ಮೂರನೇ ದಿನ ರಾತ್ರಿ ಹಾಲಿಗೆ ಹೆಪ್ಪು ಹಾಕಿ ಪಾತ್ರೇನ ಮೇಲಿನ ಶೆಲ್ಫಿಗೆ ಎತ್ತಿಡ್ತಿದ್ದೆ. ಕೈ ಮೇಲೆ ಹೋಯ್ತು, ಅಜ್ಜಿ ದನಿ ಕೇಳಿಸ್ದಂಗಾಯ್ತು, ‘ಗಡಿಗೆ ನೆಲವಿಗಿಡೆ, ಬೆಕ್ಕು ಬಂದೀತು’. ಪಾತ್ರೆ ಅಲ್ಲೇ ಇಟ್ಟು ಓಡಿ ಹೋಗಿ ಬರ್ಕೊಂಡೆ. ನೆಲವು.

ಅಲ್ಲಿಂದ ನನ್ನ ಕೆಲಸದ ರೀತಿನೇ ಬದಲಾಯ್ತು. ಪದ ಬಂದಿದ್ದು ‘ನೆಲವು’ ಅಂತ ಅಲ್ಲ, ‘ನೆಲವಿಗೆ’ ಅಂತ. ನಾನು ಮೂರು ದಿನ ಹುಡುಕಿದ್ದು ನಿಘಂಟಲ್ಲಿರೋ ಥರ ಬರೀ ಹೆಸರನ್ನ, ಆದ್ರೆ ಮನೇಲಿ ಯಾರೂ ಬರೀ ಹೆಸರು ಹೇಳ್ತಿರ್ಲಿಲ್ಲ, ಒಲೆಗೆ ಹಾಕು, ಮೊರದಲ್ಲಿ ಹಾಕು, ನೆಲವಿಂದ ಇಳಿಸು, ಹೀಗೇ ಕಿವಿಗೆ ಬಿದ್ದಿದ್ದು. ವಿಭಕ್ತಿ ಸಮೇತ, ಕ್ರಿಯಾಪದ ಸಮೇತ. ಹಂಗಾಗಿ ಈಗ ನಾನು ಪದ ಹುಡುಕಲ್ಲ, ಯಾರು ಅದನ್ನ ಯಾವ ಮಾತಲ್ಲಿ ಹೇಳ್ತಿದ್ರು ಅಂತ ಹುಡುಕ್ತೀನಿ. ಮುದ್ದೆ ತಿರುವೋವಾಗ ಪಾತ್ರೆ ಅಲ್ಲಾಡದಂಗೆ ಒತ್ತಿ ಹಿಡಿಯೋ ಕೋಲಿನ ಹೆಸರು ಬೇಕಾದಾಗ ನೆಲದ ಮೇಲೆ ಹಂಗೇ ಕೂತ್ಕೊಂಡು ಕಾಲು ಚಾಚಿ ನೋಡ್ದೆ, ಅಮ್ಮ ‘ಆ ಕವೆಗೋಲಲ್ಲಿ ಹಿಡ್ಕೊ’ ಅಂತಿದ್ದಿದ್ದು ನೆನಪಾಯ್ತು.

ಹಿರಿಯರನ್ನ ಕೇಳೋವಾಗಲೂ ಹೀಗೇ. ಮೊದಲು ನಾನು ಅಮ್ಮಂಗೆ ಫೋನ್ ಮಾಡಿ ‘ಬೀಜ ಬಿತ್ತೋದಕ್ಕೆ ಬಳಸ್ತಾರಲ್ಲ ಅದರ ಭಾಗಗಳಿಗೆ ಏನಂತಾರೆ’ ಅಂತ ಪರೀಕ್ಷೇಲಿ ಕೇಳೋ ಥರ ಕೇಳ್ತಿದ್ದೆ, ಅವರೂ ತಡವರಿಸಿ ‘ಅದೇ ಕಣೆ, ಇದು’ ಅನ್ನೋರು. ಈಗ ಮಾವನ ಹತ್ರ ‘ನೀವು ರಾಗಿ ಹೆಂಗೆ ಬಿತ್ತಿಸ್ತಿದ್ರಿ’ ಅಂತ ಕೇಳಿ ಸುಮ್ನಾಗ್ತೀನಿ. ಕೂರಿಗೆ ಬಟ್ಟಲಿಗೆ ಕಾಳು ಬಿಡ್ತಾ ಹೋಗೋದು, ಕಾಳು ಇಳಿಯೋ ತಾಳು ಕಟ್ಕೊಂಡ್ರೆ ನಿಲ್ಲಿಸೋದು, ಹಿಂದೆ ಕುಂಟೆ ಹೊಡೆಯೋದು, ಅಂತ ಐದು ನಿಮಿಷದಲ್ಲಿ ನಂಗೆ ಬೇಕಿದ್ದಕ್ಕಿಂತ ಜಾಸ್ತಿ ಸಿಕ್ತು. ಮಧ್ಯ ತಡೆದು ಅದೇನು ಅಂತ ಕೇಳಬಾರದು, ಕೇಳಿದ್ರೆ ಎಳೆ ತಪ್ಪುತ್ತೆ.

ಇನ್ನೊಂದು ಪೆಟ್ಟು ತಿಂದಿದ್ದು ಕ್ರಿಯಾಪದದಲ್ಲಿ. ಕಾಳಿಂದ ಹೊಟ್ಟು ಬೇರೆ ಮಾಡೋದಕ್ಕೆ ಇಂಗ್ಲಿಷಲ್ಲಿ ಒಂದೇ ಪದ ಇತ್ತು, ನಾನು ಎಲ್ಲಾ ಕಡೆ ‘ತೂರೋದು’ ಅಂತ ಹಾಕ್ಬಿಟ್ಟಿದ್ದೆ. ಅಮ್ಮಂಗೆ ಓದಿ ಹೇಳ್ದಾಗ ಅಲ್ಲೇ ಹಿಡಿದ್ರು, ‘ಮೊರದಲ್ಲಿ ಯಾರಾದ್ರೂ ತೂರ್ತಾರೇನೆ? ಮೊರದಲ್ಲಿ ಕೇರೋದು, ಕಣದಲ್ಲಿ ಗಾಳಿಗೆ ತೂರೋದು’. ಎಷ್ಟು ಸರಿ! ಕೇರೋವಾಗ ಕೈ ಮಾಡೋ ಕೆಲಸನೇ ಬೇರೆ. ಹತ್ತಿರದ ಪದ ಸಿಕ್ಕಿ ಸಾಕು ಅಂತ ನಿಂತುಬಿಟ್ರೆ ಓದೋರಿಗೆ ಆ ಕೈ ಕಾಣಲ್ಲ. ಅದಕ್ಕೇ ನಂಗೆ ಸರಿಯಾದ ಪದನೇ ಬೇಕು ಅನ್ನೋ ಹಟ.

ನಿಘಂಟು ನೋಡ್ಬೋದಿತ್ತಲ್ಲ ಅಂತ ಕೇಳ್ತಾರೆ. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು, 1894ರದ್ದು, ಸುಮಾರು 70,000 ಪದ, ನಾನು ದಿನಾ ತೆಗೆಯೋ ಪುಸ್ತಕ. ಆದ್ರೆ ಪದ ಗೊತ್ತಿದ್ರೆ ತಾನೇ ಅಲ್ಲಿ ಹುಡುಕೋದು? ಅದು ಅನುಮಾನ ಪರಿಹಾರಕ್ಕೆ ಒಳ್ಳೇದು, ನೆನಪಾದ ಮೇಲೆ. ಅರ್ಧ ನೆನಪಿದ್ರೆ ಮಾತ್ರ ‘ಅಲರ್’ ಅನ್ನೋ ಆನ್‌ಲೈನ್ ಕನ್ನಡ-ಇಂಗ್ಲಿಷ್ ನಿಘಂಟು ತುಂಬಾ ಸಹಾಯ ಮಾಡುತ್ತೆ. ವಿ. ಕೃಷ್ಣ ಅವರು ನಾಲ್ಕು ದಶಕ ಒಬ್ಬರೇ ಕೂತು ಸೇರಿಸಿದ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳು, 2019ರಿಂದ ಎಲ್ಲರಿಗೂ ಉಚಿತವಾಗಿ ಸಿಗ್ತಿದೆ, ಉಚ್ಚಾರ ಸುಮಾರಾಗಿ ಟೈಪ್ ಮಾಡಿದ್ರೂ ಅಂಥದ್ದೇ ದನಿಯ ಪದಗಳನ್ನ ತೋರಿಸುತ್ತೆ. ಅವರಿಗೆ ಮನಸಲ್ಲೇ ಎಷ್ಟು ಸಲ ಕೈ ಮುಗಿದಿದೀನೋ.

ಇನ್ನು ತಿಣುಕೋದನ್ನ ಪೂರ್ತಿ ಬಿಟ್ಟಿದೀನಿ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರ 2008ರ ಅಧ್ಯಯನ ಒಂದಿದೆ, ಪದ ಸಿಗದೆ ಒದ್ದಾಡೋರಿಗೆ ಕೆಲವು ಸಲ 10 ಸೆಕೆಂಡಿಗೇ ಉತ್ತರ ಹೇಳಿದ್ರು, ಕೆಲವು ಸಲ 30 ಸೆಕೆಂಡು ಹಂಗೇ ಬಿಟ್ರು, ಎರಡು ದಿನ ಬಿಟ್ಟು ಮತ್ತೆ ಕೇಳ್ದಾಗ ಜಾಸ್ತಿ ಹೊತ್ತು ಒದ್ದಾಡಿದ ಪದಕ್ಕೇ ಮತ್ತೆ ಸಿಕ್ಕಾಕ್ಕೊಳ್ಳೋದು ಹೆಚ್ಚಿತ್ತಂತೆ. ಒದ್ದಾಟನೇ ಅಭ್ಯಾಸ ಆಗಿಬಿಡುತ್ತೆ. ಹಂಗಾಗಿ ಈಗ ಸಿಗದಿದ್ದ ಜಾಗದಲ್ಲಿ ಕೆಂಪಕ್ಷರದಲ್ಲಿ ‘ಇದು’ ಅಂತ ಬರೆದು ಮುಂದಿನ ಸಾಲಿಗೆ ಹೋಗ್ತೀನಿ, ಸಂಜೆ ಫೋನ್ ಮಾಡ್ತೀನಿ. ಸಿಕ್ಕಿದ್ಮೇಲೆ ಜೋರಾಗಿ ಹೇಳ್ತೀನಿ, ಒಂದು ನೋಟ್‌ಬುಕ್ಕಲ್ಲಿ ಬರೀ ಪದ ಅಲ್ಲ, ಹೇಳಿದವರ ಇಡೀ ವಾಕ್ಯನೇ ಬರೀತೀನಿ.

ಪುಸ್ತಕದಲ್ಲಿ ಇನ್ನೊಂದು ಕೆಂಪು ‘ಇದು’ ಉಳಿದಿದೆ. ನೊಗದ ತುದೀಲಿ ತೂತಿರುತ್ತೆ, ಎತ್ತಿನ ಕತ್ತು ಆಚೆ ಜಾರದಂಗೆ ಅದಕ್ಕೊಂದು ಕಡ್ಡಿ ತೂರಿಸ್ತಾರೆ, ನಮ್ಮೂರಲ್ಲಿ ಅದಕ್ಕೊಂದು ಹೆಸರಿತ್ತು. ಅಮ್ಮಂಗೂ ಬರ್ತಿಲ್ಲ, ಮಾವಂಗೂ ಬರ್ತಿಲ್ಲ. ಪಕ್ಕದ ಹಟ್ಟೀಲಿ ಎಂಬತ್ತು ದಾಟಿದ ತಾತ ಒಬ್ರು ಇದಾರೆ, ಮೊನ್ನೆ ಮೊನ್ನೆವರೆಗೂ ಎತ್ತು ಕಟ್ಟಿದವರು. ಈ ಭಾನುವಾರ ಹೋಗ್ತಿದೀನಿ. ಹೆಸರು ಕೇಳಲ್ಲ, ಬೆಳಿಗ್ಗೆ ಎದ್ದು ನೇಗಿಲು ಹೆಂಗೆ ಹೂಡ್ತಿದ್ರಿ ತಾತ ಅಂತ ಕೇಳ್ತೀನಿ.